ತಂಗಡಿಯ ಗಿಡ

ದೀಪಾವಳಿಯ ಪಾಡ್ಯದ ಮುಂಜಾನೆ ನಮ್ಮ ಭಾಗದ ಮನೆಗಳಲ್ಲಿ ಸಗಣಿಯ ಪಾಂಡವರನ್ನು ಮಾಡಿ ಇರಿಸುವಾಗ ಅವರ ನೆತ್ತಿಗೆ ಹಳದಿಯ ಹೂವೊಂದನ್ನು ಸಿಕ್ಕಿಸುವ ವಾಡಿಕೆಯುಂಟು. ಆ ಹೂವೇ ತಂಗಡಿ. ಆವರಿಕೆ, ಹೊನ್ನಾವರಿಕೆ ಎಂಬ ಹೆಸರುಗಳೂ ಇದಕ್ಕಿವೆ. ಕಳೆದ ಹಬ್ಬದಲ್ಲಿ ಗದಗ-ಬೆಟಗೇರಿಯ ಪೇಟೆಯಲ್ಲಿ ಈ ಹೂವನ್ನು ದುಡ್ಡು ಕೊಟ್ಟು ಕೊಳ್ಳಬೇಕಾಗಿ ಬಂದಾಗ ನಮಗೆ ವಿಸ್ಮಯವೇ ಆಯಿತು. ಯಾರೂ ಹಚ್ಚದೆ, ಯಾರೂ ನೀರೆರೆಯದೆ, ಹೊಲದ ಬದುವಿನಲ್ಲಿ ತಾನಾಗಿ ಬೆಳೆಯುತ್ತಿದ್ದ ಗಿಡವಿದು. ಬದುಗಳನ್ನು ಒಡೆದು ಸಾಗುವಳಿಗೆ ಕೂಡಿಸಿಕೊಂಡದ್ದರಿಂದಲೂ, ಕಳೆಯ ಔಷಧವನ್ನು ಸಿಂಪಡಿಸುವದರಿಂದಲೂ, ರಸ್ತೆಗಳನ್ನು ಅಗಲಗೊಳಿಸಿದ್ದರಿಂದಲೂ ಊರ ಸಮೀಪದಲ್ಲಿ ಇದು ವಿರಳವಾಗುತ್ತಿದೆ.

ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಳೆ ಬೀಳುವ ನಮ್ಮ ಸೀಮೆಗೆ ಒಪ್ಪುವ ಗಿಡಗಳಲ್ಲಿ ಇದಕ್ಕೆ ಮೊದಲ ಸಾಲಿನ ಸ್ಥಾನವನ್ನು ಕೊಡಬೇಕು. ಮುಂಡರಗಿ, ಶಿರಹಟ್ಟಿಗಳ ಮಸಾರಿ ನೆಲದಲ್ಲಿಯೂ ಲಕ್ಷ್ಮೇಶ್ವರದ ಕಡೆಯ ಎರೆಯ ಬದುಗಳಲ್ಲಿಯೂ ಇದು ಬದುಕಬಲ್ಲದು. ಸುಮಾರು 244 ಚದರ ಕಿಲೋಮೀಟರು ವಿಸ್ತಾರವುಳ್ಳ ಕಪ್ಪತಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮವೆಂದು ಸಾರಲಾಯಿತು. ಅಲ್ಲಿ ಗಿಡ ಕೀಳುವದು ಅಪರಾಧ. ಆದುದರಿಂದ ಹೂವು ಬೇಕಾದವರು ಗುಡ್ಡದ ಕಡೆಗೆ ನೋಡದೆ ತಮ್ಮ ಹಿತ್ತಲಲ್ಲಿಯೇ ಬೆಳೆದುಕೊಳ್ಳುವದು ಲೇಸು.

ಒಂದು ಕಾಲಕ್ಕೆ ಈ ಗಿಡಕ್ಕೆ ದೊಡ್ಡ ವ್ಯಾಪಾರವಿತ್ತು. ಇದರ ತೊಗಟೆಯಲ್ಲಿ ನೂರಕ್ಕೆ ಸುಮಾರು 18ರಷ್ಟು ಒಗರು ಇರುವದರಿಂದ ಚರ್ಮ ಹದ ಮಾಡುವವರು ಇದನ್ನೇ ನಂಬಿದ್ದರು. ಮದರಾಸಿನಿಂದ ವಿಲಾಯತಿಗೆ ಹೋಗುತ್ತಿದ್ದ ತೊಗಲುಗಳು ಬಹುಮಟ್ಟಿಗೆ ತಂಗಡಿಯ ತೊಗಟೆಯಲ್ಲಿ ನೆಂದವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ದಕ್ಷಿಣ ಆಫ್ರಿಕದ ಜಾಲಿಜಾತಿಯ ಮರದ ತೊಗಟೆಯೂ ಕ್ರೋಮಿನ ಹದವೂ ಬಂದು ಇದನ್ನು ಹಿಂದಕ್ಕೆ ತಳ್ಳಿದವು. ಇತ್ತ 2014ರಲ್ಲಿ ಉದಯಿಸಿದ ತೆಲಂಗಾಣವು ಇದೇ ಹೂವನ್ನು ತನ್ನ ರಾಜ್ಯಪುಷ್ಪವನ್ನಾಗಿ ಆರಿಸಿಕೊಂಡಿದೆ. ಅಲ್ಲಿಯ ಬತುಕಮ್ಮ ಹಬ್ಬದ ಹೂವಿನ ಗೋಪುರಕ್ಕೆ ತಂಗಡಿ ಬೇಕೇ ಬೇಕು.

ಮನೆಯ ಉಪಯೋಗವೂ ಕಡಿಮೆಯಲ್ಲ. ಒಣಗಿದ ಹೂವಿನ ಪುಡಿಯನ್ನು ಹೆಸರುಹಿಟ್ಟಿನೊಡನೆ ಕಲಸಿ ಮೈಗೆ ಹಚ್ಚಿ ಸ್ನಾನ ಮಾಡುವರು. ತೊಗಟೆಯ ಕಷಾಯದಿಂದ ಬಾಯಿ ಮುಕ್ಕಳಿಸುವರು. ಎಳೆಯ ಕಡ್ಡಿ ಹಲ್ಲುಜ್ಜಲು ಬರುವದು. ಸೊಪ್ಪು ಹೊಲಕ್ಕೆ ಹಸಿರುಗೊಬ್ಬರ. ಸಿಂಹಳದವರು ಇದರ ಒಣ ಹೂವನ್ನು ಚಹದಂತೆ ಕುದಿಸಿ ಕುಡಿಯುವರು. ಅಲ್ಲಿ ಇದಕ್ಕೆ ರಣವರವೆಂದು ಹೆಸರು.

ಈ ಹೂವಿನ ನೀರಿನ ವಿಷಯದಲ್ಲಿಯೇ ನಾವು ವಾಚಕರಿಗೆ ಸ್ವಲ್ಪ ನಿಷ್ಠುರವಾಗಿ ಹೇಳಬೇಕಾಗಿದೆ. ಸಕ್ಕರೆಯ ರೋಗವು ಇದರಿಂದ ಬೇರುಸಹಿತ ಹೋಗುವದೆಂಬ ಮಾತು ಮನೆಯಿಂದ ಮನೆಗೆ ಹಬ್ಬಿದೆ. ನಮ್ಮ ಬಳಗದ ಹಿರಿಯರೊಬ್ಬರು ಇದನ್ನು ನಂಬಿ ಮೂರು ತಿಂಗಳು ಗುಳಿಗೆಯನ್ನು ಬಿಟ್ಟು ಹೂವಿನ ನೀರನ್ನೇ ಕುಡಿದರು. ಕಾಲಬೆರಳಿನ ಚಿಕ್ಕ ಗಾಯವು ಮಾಯದೆ ಹಬ್ಬಿ, ಕೊನೆಗೆ ಆ ಬೆರಳನ್ನೇ ತೆಗೆಸಬೇಕಾಯಿತು. ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಈ ಹೂವಿನ ಸಾರದಿಂದ ರಕ್ತದ ಸಕ್ಕರೆಯು ಇಳಿದದ್ದು ನಿಜ. ಆದರೆ ಇಲಿಯ ಮೇಲಿನ ಪ್ರಯೋಗವು ಮನುಷ್ಯನಿಗೆ ಚಿಕಿತ್ಸೆಯಾಗದು. ಕುಡಿಯುವ ಮನಸ್ಸುಳ್ಳವರು ವೈದ್ಯರಿಗೆ ತಿಳಿಸಿ ಕುಡಿಯಲಿ; ಗುಳಿಗೆಯೂ ಹೂವೂ ಕೂಡಿ ಸಕ್ಕರೆಯನ್ನು ಅತಿಯಾಗಿ ಇಳಿಸಲೂಬಹುದು. ಬಸುರಿಯರಿಗೂ ಎಳೆಯ ಮಕ್ಕಳಿಗೂ ಕೇಳದೆ ಕೊಡಲೇಕೂಡದು. ಇದು ಭೇದಿಯ ಸೋನಾಮುಖಿಯ ಗೋತ್ರಕ್ಕೆ ಸೇರಿದ ಗಿಡ.

ಇನ್ನೊಂದು ಅಪಾಯ. ಅಂಗಳದಲ್ಲಿ ಬೆಳೆಯುವ ಹಳದಿ ಕಣಗಿಲೆಯ ಹೂವೂ ಹಳದಿಯೇ. ಅದು ಸರ್ವಾಂಗವೂ ವಿಷ, ಬೀಜವಂತೂ ಪ್ರಾಣಾಂತಕ. ಗುರುತು ಸುಲಭ. ಎಲೆಯನ್ನು ಮುರಿದಾಗ ಬಿಳಿಯ ಹಾಲು ಒಸರಿದರೆ ಅದು ಕಣಗಿಲೆ. ತಂಗಡಿಗೆ ಹಾಲಿಲ್ಲ, ಒಂದೇ ದಂಟಿಗೆ ಎಂಟು ಹತ್ತು ಜೋಡಿ ಚಿಕ್ಕ ಎಲೆಗಳು ಎದುರುಬದುರಾಗಿ ಇರುವವು.

ಬೆಳೆಸುವ ಬಗೆ ಹೀಗೆ. ಬೀಜದ ಸಿಪ್ಪೆ ಬಲು ಗಟ್ಟಿ. ಹಾಗೆಯೇ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿಬಿಡುವದು. ಉಸುಕಿನಲ್ಲಿ ಚೆನ್ನಾಗಿ ತಿಕ್ಕಿ, ಬಿಸಿನೀರಿನಲ್ಲಿ ಹಾಕಿ ಒಂದು ರಾತ್ರಿ ನೆನೆಯಗೊಟ್ಟು, ಮೃಗಶಿರದ ಮಳೆಗೆ ನಿಂತ ಜಾಗದಲ್ಲಿಯೇ ಊರಬೇಕು. ಬೇರು ನೆಟ್ಟಗೆ ಆಳಕ್ಕೆ ಇಳಿಯುವದರಿಂದ ದೊಡ್ಡ ಗಿಡವನ್ನು ಕಿತ್ತು ಹಚ್ಚಿದರೆ ಬದುಕುವದು ದುರ್ಲಭ. ಗಿಡಕ್ಕೂ ಗಿಡಕ್ಕೂ ಮೂರು ನಾಲ್ಕು ಅಡಿ ಅಂತರ ಸಾಕು. ಮೊದಲ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಹಾಕಿ, ಆಮೇಲೆ ಮರೆತರೂ ನಡೆಯುವದು. ದನಕರುಗಳು ಇದಕ್ಕೆ ಬಾಯಿ ಹಾಕುವದು ಕಡಿಮೆಯಾದ್ದರಿಂದ ಬೇಲಿಗೂ ಅನುಕೂಲ. ಕಡಿದಷ್ಟೂ ಚಿಗುರುವದು, ಹೂವು ಮುಗಿದ ಮೇಲೆ ಮೊಣಕಾಲಿನ ಎತ್ತರಕ್ಕೆ ಕತ್ತರಿಸಿರಿ.

ಈ ಹೂವಿನಲ್ಲಿ ಜೇನಿಲ್ಲ, ಬರಿಯ ಪರಾಗ. ಕಪ್ಪು ಬಡಗಿದುಂಬಿಯು ಕುಳಿತು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿ ಅದನ್ನು ಉದುರಿಸಿಕೊಳ್ಳುವದು. ದುಂಬಿ ಬಾರದಿದ್ದರೆ ಕಾಯಿ ಹಿಡಿಯುವದು ಕಷ್ಟ. ಆದುದರಿಂದ ಹಬ್ಬಕ್ಕೆ ಹೂ ಬಿಡಿಸುವಾಗ ಗಿಡವನ್ನು ಬೋಳು ಮಾಡದೆ ಒಂದೆರಡು ಟೊಂಗೆಗಳನ್ನು ಮುಟ್ಟದೆ ಬಿಡಿರಿ. ಅವುಗಳ ಚಪ್ಪಟೆಯ ಕಾಯಿಗಳು ಒಣಗಿ ಗಲಗಲ ಎನ್ನುವಾಗ ಬೀಜ ಬಿಡಿಸಿ ಬೂದಿಯಲ್ಲಿ ಕಲಸಿ ಇಟ್ಟರೆ ಮುಂದಿನ ಮೃಗಶಿರಕ್ಕೆ ನೆರೆಮನೆಯವರಿಗೂ ಕೊಡುವಷ್ಟು ಆಗುವದು.