ಬೆಟ್ಟದ ಕೊಳ, ಪಟ್ಟಣದ ಕಾಲುವೆ

ಭಾನುವಾರ ಬಂತೆಂದರೆ ಬೆಳಕು ಹರಿಯುವ ಮುನ್ನವೇ ನಂದಿಬೆಟ್ಟದತ್ತ ವಾಹನಗಳ ಸಾಲು ಹೊರಡುತ್ತದೆ. ಹಲಸೂರು, ಇಂದಿರಾನಗರ, ಕೃಷ್ಣರಾಜಪುರಗಳ ಯುವಜನರಿಗೆ ಸುಮಾರು 60 ಕಿ.ಮೀ. ದೂರದ ಈ ಬೆಟ್ಟ ಒಂದು ದಿನದ ಚಾರಣಕ್ಕೆ ಹೇಳಿಮಾಡಿಸಿದ ತಾಣ. ಹಳೆಯ ಕಲ್ಲುಮೆಟ್ಟಿಲುಗಳನ್ನು ಏರಿ, 1478 ಮೀಟರ್ ಎತ್ತರದ ನೆತ್ತಿ ಮುಟ್ಟಿ, ಅಮೃತ ಸರೋವರದ ಬದಿಯಲ್ಲಿ ದಣಿವಾರಿಸಿಕೊಂಡು ಸಂಜೆಗೆ ಮರಳುವುದು ವಾಡಿಕೆ.

ಈ ನಂಟು ಹಳೆಯದು. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಗೊಂಡ ಮೇಲೆ ಬ್ರಿಟಿಷ್ ಅಧಿಕಾರಿಗಳು ಬೇಸಿಗೆಯ ತಂಪಿಗಾಗಿ ನಂದಿಯನ್ನು ಆಶ್ರಯಿಸಿದರು. ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿ ಮನೆಯನ್ನೇ ಕಟ್ಟಿಸಿದ. 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಣೆಗೆಂದು ಇದೇ ಬೆಟ್ಟದಲ್ಲಿ ತಂಗಿದ್ದರು. ಹೀಗೆ ಬೆಟ್ಟವೆಂದರೆ ವಿಶ್ರಾಂತಿಯ ಸ್ಥಳವೆಂಬ ಭಾವನೆ ಪಟ್ಟಣದಲ್ಲಿ ಬೇರೂರಿತು. ಅದು ನೀರಿನ ತವರೆಂಬ ಅರಿವು ಹಿಂದೆ ಸರಿಯಿತು.

ಅರ್ಕಾವತಿ, ಪಾಲಾರ್, ಚಿತ್ರಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ - ಈ ಐದು ನದಿಗಳ ಹುಟ್ಟು ನಂದಿಯ ಬೆಟ್ಟಸಾಲಿನಲ್ಲಿದೆ. ಇಳಿಜಾರಿನ ಕುರುಚಲು ಮತ್ತು ಮರಗಳು ಮಳೆನೀರಿನ ಓಟವನ್ನು ತಡೆಯುತ್ತವೆ. ಬಂಡೆಯ ಬಿರುಕುಗಳು ಅದನ್ನು ಹಿಡಿದಿಟ್ಟು ತಿಂಗಳುಗಟ್ಟಲೆ ಒರತೆಯಾಗಿ ಬಿಟ್ಟುಕೊಡುತ್ತವೆ. ಇಂಥ ಒರತೆಯೇ ಅಮೃತ ಸರೋವರವನ್ನು ತುಂಬುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಬಾರಿಗೆ ಕೊಳವೆಯಲ್ಲಿ ಬಂದದ್ದು ಹೆಸರಘಟ್ಟದ ಅರ್ಕಾವತಿಯ ನೀರು. ಆ ನದಿ ಬತ್ತುತ್ತಾ ಹೋಯಿತು. 1974ರ ಹೊತ್ತಿಗೆ ಪಟ್ಟಣ ನೂರು ಕಿ.ಮೀ. ದೂರದ ಕಾವೇರಿಗೆ ಕೈಚಾಚಿತ್ತು.

ದಕ್ಷಿಣ ಪಿನಾಕಿನಿಯ ಕಥೆ ಪೂರ್ವದ ಬಡಾವಣೆಗಳಿಗೆ ಇನ್ನೂ ಹತ್ತಿರದ್ದು. ನಂದಿಯ ಮಡಿಲಿನಿಂದ ಹೊರಟ ಈ ನದಿ ಹೊಸಕೋಟೆಯ ಬಳಿ ಸಾಗಿ ತಮಿಳುನಾಡನ್ನು ಸೇರುತ್ತದೆ. ಹಲಸೂರು ಕೆರೆಯ ಕೋಡಿನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ಇದೇ ನದಿಗೆ ಬೀಳುತ್ತದೆ. ಹೆಬ್ಬಾಳ ಕಣಿವೆಯ ನೀರೂ ಕೃಷ್ಣರಾಜಪುರದಾಚೆಯ ಎಲೆಮಲ್ಲಪ್ಪ ಶೆಟ್ಟಿ ಕೆರೆಯ ಮೂಲಕ ಇಲ್ಲಿಗೇ ಬರುತ್ತದೆ. ಅಂದರೆ ಇಂದಿರಾನಗರದ ಚಾರಣಿಗ ಬೆಟ್ಟದ ಮೇಲೆ ನೋಡುವುದು ತನ್ನ ಮನೆಯ ಬಚ್ಚಲುನೀರು ಕೊನೆಗೆ ಸೇರುವ ನದಿಯ ತವರನ್ನು. ತವರಿನಲ್ಲಿ ಅಮೃತವೆಂಬ ಹೆಸರು. ಕೆಳಗೆ 2015 ಮತ್ತು 2017ರಲ್ಲಿ ಬೆಂಕಿ ಹೊತ್ತಿಕೊಂಡ ಬೆಳ್ಳಂದೂರಿನ ನೊರೆ.

ಈಗ ನೀರಿನ ದಾರಿಯೇ ತಿರುವುಮುರುವಾಗಿದೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿತ ಕೊಳಚೆನೀರನ್ನು ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ನಂದಿಯ ತಪ್ಪಲಿನ ಚಿಕ್ಕಬಳ್ಳಾಪುರದ ಕೆರೆಗಳನ್ನೂ ಮುಟ್ಟಿದೆ. ಬರದ ನಾಡಿನ ರೈತರಿಗೆ ಕೊಳವೆಬಾವಿಗಳು ಮರುಪೂರಣವಾಗುವ ಈ ನೀರು ಬೇಡವೆನ್ನಲಾಗದು. ಆದರೆ ಎರಡನೇ ಹಂತಕ್ಕೇ ನಿಲ್ಲುವ ಶುದ್ಧೀಕರಣವನ್ನು ಮೂರನೇ ಹಂತಕ್ಕೆ ಒಯ್ಯಬೇಕೆಂಬ ಅವರ ಬೇಡಿಕೆ ನ್ಯಾಯವಾದದ್ದು. ಬೆಟ್ಟದ ನೀರನ್ನು ಉಂಡ ಪಟ್ಟಣ ಬೆಟ್ಟದ ಜನರಿಗೆ ಹಿಂದಿರುಗಿಸುವ ನೀರಾದರೂ ಶುದ್ಧವಾಗಿರಬೇಡವೆ?

ಇತ್ತ ಬೆಟ್ಟವೇ ದಣಿದಿದೆ. ಸುತ್ತಲ ಗುಡ್ಡಗಳನ್ನು ಕಲ್ಲುಗಣಿಗಳು ಕೊರೆಯುತ್ತಿವೆ. 2021ರ ಆಗಸ್ಟ್‌ನಲ್ಲಿ ಭಾರಿ ಮಳೆಗೆ ಭೂಕುಸಿತವಾಗಿ ನಂದಿಯ ರಸ್ತೆಯೇ ಕೊಚ್ಚಿಹೋಯಿತು. 2023ರ ಮಾರ್ಚ್‌ನಲ್ಲಿ ರೋಪ್‌ವೇಗೆ ಶಂಕುಸ್ಥಾಪನೆ ನೆರವೇರಿತು. ರೋಪ್‌ವೇಯಿಂದ ವಾಹನಗಳ ಹೊಗೆ ತಗ್ಗಬಹುದೆಂಬ ವಾದವನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ದಿನಕ್ಕೆ ಎಷ್ಟು ಜನರನ್ನು ಬೆಟ್ಟ ತಾಳಬಲ್ಲದೆಂಬ ಲೆಕ್ಕ ಮೊದಲಾಗಬೇಕು. ಅವರನ್ನು ಸಾಗಿಸುವ ಯಂತ್ರ ಆಮೇಲೆ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ನೆರೆದಾಗ ಸರ್ಕಾರ ಚಾರಣಗಳಿಗೆ ಕಡಿವಾಣ ಹಾಕಬೇಕಾಯಿತು. ಆ ಪಾಠ ಮಲೆನಾಡಿನ ಪ್ರತಿ ಬೆಟ್ಟಕ್ಕೂ ಅನ್ವಯಿಸುತ್ತದೆ.

ಬೆಟ್ಟಕ್ಕೆ ಯಾರೂ ಬರಬಾರದೆಂಬುದು ಸರಿಯಾದ ಮಾತಲ್ಲ. ಕಾಲಿನಿಂದ ಅಳೆದ ನೆಲವನ್ನು ಮನುಷ್ಯ ಸುಲಭವಾಗಿ ಮರೆಯಲಾರ. ಶಾಲಾ ಕಾಲೇಜುಗಳು ಬೆಟ್ಟ ಹತ್ತಿಸಿದಷ್ಟೇ ಶ್ರದ್ಧೆಯಿಂದ ಇನ್ನೊಂದು ದಿನ ಹಲಸೂರಿನ ಕೋಡಿಯಿಂದ ಬೆಳ್ಳಂದೂರಿನವರೆಗೆ ರಾಜಕಾಲುವೆಯ ಜಾಡನ್ನೂ ನಡೆಸಲಿ. ಎಲ್ಲಿ ಒತ್ತುವರಿಯಾಗಿದೆ, ಎಲ್ಲಿ ಕೊಳಚೆ ಸೇರುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ನಕ್ಷೆಯಲ್ಲಿ ಗುರುತಿಸಲಿ. ತಪ್ಪಲಿನ ಹಳ್ಳಿಗಳ ಕೈಯಲ್ಲಿಯೂ ಅಸ್ತ್ರವಿದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಆಗಬೇಕು. ಒರತೆ, ಕುಂಟೆ, ಗುಂಡುತೋಪುಗಳು ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಾದರೆ ಗಣಿಯ ಅರ್ಜಿ ಬಂದಾಗ ಹಳ್ಳಿಯ ಮಾತಿಗೆ ಕಾಗದದ ಬಲವಿರುತ್ತದೆ.

ನದಿಗೆ ಮೇಲಿನವರು, ಕೆಳಗಿನವರು ಎಂಬ ಭೇದವಿಲ್ಲ. ಮೇಲೆ ಒರತೆ ಉಳಿಯುವುದೂ ಕೆಳಗೆ ಕಾಲುವೆ ಶುದ್ಧವಾಗುವುದೂ ಒಂದೇ ಕೆಲಸದ ಎರಡು ತುದಿಗಳು. ಬರುವ ಮಳೆಗಾಲಕ್ಕೆ ಮೊದಲೇ ಎರಡೂ ಕಡೆ ಆ ಕೆಲಸ ಆರಂಭವಾಗಲಿ.