ಬೀಟ್ ಸಿಕ್ಕರೆ ಸಾಕೇ?

ಕೊಪ್ಪ ಬಸ್‌ಸ್ಟ್ಯಾಂಡಿನ ಮಳೆ, ಶೃಂಗೇರಿಯ ತುಂಗೆಯ ಮೀನು, ಎನ್.ಆರ್.ಪುರದ ಭದ್ರಾ ಹಿನ್ನೀರು. ಕಳೆದ ರಜೆಯಲ್ಲಿ ಇಷ್ಟನ್ನೂ ಸೇರಿಸಿ 30 ಸೆಕೆಂಡಿನ ರೀಲ್ಸ್ ಮಾಡಿ, ಟ್ರೆಂಡಿಂಗ್ ಹಾಡೊಂದನ್ನು ಹಾಕಿದೆ. ನಿಮಿಷಕ್ಕೆ 120 ಬೀಟ್; ಸೆಕೆಂಡಿಗೆ 30 ಫ್ರೇಮಿನ ವಿಡಿಯೊದಲ್ಲಿ ಪ್ರತಿ 15 ಫ್ರೇಮಿಗೊಂದು ಬೀಟ್. ಬಿ.ಇ. ಓದುವವನಿಗೆ ಈ ಲೆಕ್ಕ ಕಷ್ಟವೇ? ಪ್ರತಿ ಟ್ರಾನ್ಸಿಷನ್ನೂ ತಾಳಕ್ಕೆ ಸರಿಯಾಗಿ ಕೂತಿತು. ಗೆಳೆಯರು 'ಸೂಪರ್ ಮಗಾ' ಅಂದರು.

ಅಜ್ಜನಿಗೂ ತೋರಿಸಿದೆ. ಹಿನ್ನೀರು ಬಂದಾಗ, "ಲಕ್ಕವಳ್ಳಿ ಡ್ಯಾಮ್ ಕಟ್ಟಿದಾಗ ನಮ್ಮಪ್ಪಯ್ಯನ ಗದ್ದೆ ಮುಳುಗಿದ್ದು ಅಲ್ಲೇ ಮಾರಾಯ. ಅದಕ್ಕೆ ಈ ಕುಣಿಯೋ ಹಾಡಾ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ.

ಎಡಿಟಿಂಗ್ ಆ್ಯಪ್‌ಗಳು ಬೀಟನ್ನು ತಾವೇ ಗುರುತಿಸಿಕೊಡುತ್ತವೆ. ಆದರೆ ಈ ದೃಶ್ಯಕ್ಕೆ ಆ ಹಾಡು ಒಪ್ಪುತ್ತದೆಯೇ ಎಂಬುದನ್ನು ನಾವೇ ಕೇಳಿಕೊಳ್ಳಬೇಕು. ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಚೆಂಡೆಯ ಪೆಟ್ಟಿಗೆ ವೇಷ ರಂಗಕ್ಕೆ ನುಗ್ಗುತ್ತದೆ, ನಿಜ. ಕರುಣರಸದ ಪದ್ಯ ಬಂದರೆ ಅದೇ ಚೆಂಡೆ ಸುಮ್ಮನಾಗಿ ಮದ್ದಳೆಯಷ್ಟೇ ಉಳಿಯುತ್ತದೆ.

ಟ್ರೆಂಡಿಂಗ್ ಹಾಡೇ ಬೇಡ ಎನ್ನುತ್ತಿಲ್ಲ. ಡ್ರೆಸ್ ಬದಲಿಸುವ, ಬೈಕ್ ಏರುವ ರೀಲ್ಸ್‌ಗೆ ಅದೇ ಸರಿ. ಆದರೆ ಮೊದಲು ಮ್ಯೂಟ್ ಮಾಡಿ ವಿಡಿಯೊ ನೋಡಿ, ಆಮೇಲೆ ಹಾಡು ಹುಡುಕಿ.

ಹಿನ್ನೀರಿನ ಭಾಗವನ್ನು ನಾನು ಮತ್ತೆ ಎಡಿಟ್ ಮಾಡಿದೆ. ಐದೇ ದೃಶ್ಯ, ಹಾಡಿಲ್ಲ. ದಡಕ್ಕೆ ನೀರು ಬಡಿಯುವ ಸದ್ದಿಗೆ ಒಂದೊಂದು ಕಟ್. ಲೈಕ್ ಕಡಿಮೆ ಬಂತು. ಅಜ್ಜ ಮಾತ್ರ ಎರಡು ಸಲ ನೋಡಿದರು.