ಅಟ್ಟದ ತಟ್ಟೆಗೆ ಪುಟ್ಟ ಪೆಟ್ಟಿಗೆ

ಬೆಳಗಾವಿಯ ನೆಲಕ್ಕೆ ಸಂಗೀತ ಹೊಸದಲ್ಲ. ಕುಮಾರ ಗಂಧರ್ವರೆಂದು ಲೋಕಪ್ರಸಿದ್ಧರಾದ ಶಿವಪುತ್ರಯ್ಯ ಕೋಮಕಳಿಮಠರು 1924ರಲ್ಲಿ ಹುಟ್ಟಿದುದು ಈ ಜಿಲ್ಲೆಯ ಸುಳೇಭಾವಿಯಲ್ಲಿ. ಬಾಲಕರಾಗಿದ್ದಾಗಲೇ ಅವರ ಕಂಠ ಗ್ರಾಮಫೋನು ತಟ್ಟೆಗಳಲ್ಲಿ ಮುದ್ರಿತವಾಗಿತ್ತು. ಒಂದು ದಿಕ್ಕಿಗೆ ಮಿರಜಿನ ಅಬ್ದುಲ್ ಕರೀಮ್ ಖಾನರು, ಇನ್ನೊಂದು ದಿಕ್ಕಿಗೆ ಧಾರವಾಡದ ಮಲ್ಲಿಕಾರ್ಜುನ ಮನಸೂರರು, ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು. ಇವರೆಲ್ಲರ ನಡುವೆ ಇರುವ ಊರು ಬೆಳಗಾವಿ. ಖಯಾಲು, ದಾಸರ ಪದ, ಮರಾಠಿ ನಾಟ್ಯಗೀತೆ ಎಲ್ಲವೂ ಇಲ್ಲಿನ ಮನೆಗಳಿಗೆ ಪ್ರಿಯ. ಆದುದರಿಂದ ಟಿಳಕವಾಡಿಯಲ್ಲಾಗಲಿ, ಶಹಾಪುರದಲ್ಲಾಗಲಿ, ಲೋಂಡಾ ಮಾರ್ಗದ ಖಾನಾಪುರದಲ್ಲಾಗಲಿ, ಹಳೆಯ ಮನೆಯೊಂದರ ಅಟ್ಟದ ಟ್ರಂಕಿನಲ್ಲಿ ಹತ್ತಿಪ್ಪತ್ತು ತಟ್ಟೆಗಳು ದೊರೆತರೆ ಅದು ಅಚ್ಚರಿಯ ಸಂಗತಿಯೇನಲ್ಲ.

ಅಚ್ಚರಿಯಾಗುವುದು ಮುಂದೆ. ಮೊಮ್ಮಗನು ಉತ್ಸಾಹದಿಂದ ಹೊಸ ತಿರುಗುಯಂತ್ರವೊಂದನ್ನು ಕೊಂಡುತರುತ್ತಾನೆ. ಅದರ ತಂತಿಗಳನ್ನು ಮನೆಯ ಧ್ವನಿವರ್ಧಕಕ್ಕೆ ಜೋಡಿಸಿ ತಟ್ಟೆಯ ಮೇಲೆ ಮುಳ್ಳನ್ನಿಡುತ್ತಾನೆ. ಕೇಳಬರುವುದು ಸೊಳ್ಳೆಯ ಗುಂಯ್‌ಗುಡುವಿಕೆಯಂಥ ಸಣ್ಣ ದನಿ! ತಬಲೆಯ ಎಡ ಎಲ್ಲಿಯೋ ಅಡಗಿದೆ. ತಂಬೂರಿಗೆ ಮೈಯೇ ಇಲ್ಲ.

“ಅಜ್ಜಾ, ನಿಮ್ಮ ರಿಕಾರ್ಡು ಎಲ್ಲಾ ಕೆಟ್ಟಾವು ನೋಡ್ರಿ!”

“ರಿಕಾರ್ಡು ಕೆಟ್ಟಿಲ್ಲೋ ತಮ್ಮಾ, ನಿನ್ನ ಯಂತ್ರಕ್ಕ ಗಂಟಲಿಲ್ಲ!”

ಇಂಥ ಸಂದರ್ಭದಲ್ಲಿ ಅಜ್ಜನ ಮಾತೇ ದಿಟ. ಆದರೆ ಅಜ್ಜನಿಲ್ಲದ ಮನೆಗಳಲ್ಲಿ ಮೊಮ್ಮಗನ ಮಾತೇ ತೀರ್ಪಾಗಿ, ತಟ್ಟೆಗಳು ರದ್ದಿಯವನ ತಕ್ಕಡಿಯನ್ನೇರುತ್ತವೆ. ಅವುಗಳಲ್ಲಿ ಕೆಲವು ಎಂದಿಗೂ ಮರುಮುದ್ರಣ ಕಾಣದವು. ಅಂಥವು ಒಮ್ಮೆ ಹೋದರೆ ಹೋದುವೇ. ಅವನ್ನು ಉಳಿಸಬಲ್ಲದು ಅಂಗೈಯಗಲದ ಒಂದು ಅಗ್ಗದ ಪೆಟ್ಟಿಗೆ. ಅಂಗಡಿಯವರು ಅದನ್ನು ‘ಫೋನೋ ಪ್ರೀಆಂಪ್’ ಎನ್ನುತ್ತಾರೆ. ಕನ್ನಡದಲ್ಲಿ ಪೂರ್ವವರ್ಧಕವೆಂದು ಕರೆಯಬಹುದು.

ಈ ಪೆಟ್ಟಿಗೆ ಮಾಡುವ ಕೆಲಸವಾದರೂ ಏನು? ತಟ್ಟೆಯ ಸುರುಳಿಗೆರೆಯಲ್ಲಿ ಮುಳ್ಳು ಓಡುವಾಗ ಅದು ಅತಿಸೂಕ್ಷ್ಮವಾಗಿ ಅದುರುತ್ತದೆ. ಮುಳ್ಳಿನ ಹಿಂಬದಿಯಲ್ಲಿರುವ ಪುಟ್ಟ ಅಯಸ್ಕಾಂತವೂ ಅದರೊಡನೆ ಅದುರಿ, ಪಕ್ಕದ ತಂತಿಯ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ವಿದ್ಯುತ್ತಿನ ಬಲ ಕೇವಲ 3ರಿಂದ 5 ಮಿಲಿವೋಲ್ಟು. ಬ್ಯಾಟರಿ ದೀಪದ ಒಂದು ಸೆಲ್ಲಿನಲ್ಲಿ ಒಂದೂವರೆ ವೋಲ್ಟು ಇರುವುದನ್ನು ನೆನೆದರೆ, ಇದು ಅದರ ಮುನ್ನೂರರಲ್ಲಿ ಒಂದು ಪಾಲನ್ನು ಮೀರದೆಂದು ತಿಳಿಯುತ್ತದೆ. ಇಂಥ ಪಿಸುಮಾತನ್ನು ಸುಮಾರು ನೂರು ಪಟ್ಟು ಹಿಗ್ಗಿಸಿದ ಹೊರತು ಮನೆಯ ದೊಡ್ಡ ಆಂಪ್ಲಿಫಯರಿಗೆ ಅದು ಕೇಳಿಸದು. ಇದು ಪೆಟ್ಟಿಗೆಯ ಮೊದಲನೆಯ ಕೆಲಸ.

ಎರಡನೆಯ ಕೆಲಸ ಇನ್ನೂ ಸ್ವಾರಸ್ಯಕರ. ತಟ್ಟೆಯಲ್ಲಿ ಗಾನವು ಇದ್ದಂತೆಯೇ ಮುದ್ರಿತವಾಗಿರುವುದಿಲ್ಲ. ಮಂದ್ರದ ದನಿಗಳು ಗೆರೆಯನ್ನು ಅಗಲವಾಗಿ ತೊನೆಯಿಸುತ್ತವೆ. ಅವನ್ನು ಪೂರ್ಣಪ್ರಮಾಣದಲ್ಲಿ ಕೊರೆದರೆ ಒಂದು ಗೆರೆ ಪಕ್ಕದ ಗೆರೆಯ ಮೇಲೆ ಬೀಳುವುದು. ಬೀಳದಂತೆ ದೂರದೂರ ಕೊರೆದರೆ ತಟ್ಟೆಯಲ್ಲಿ ಅರ್ಧ ರಾಗವೂ ಹಿಡಿಸದು. ತಾರದ ದನಿಗಳಿಗೆ ಇನ್ನೊಂದು ತೊಡಕು: ಅವು ತಟ್ಟೆಯ ಮೇಲ್ಮೈಯ ‘ಸುಂಯ್’ ಸದ್ದಿನಲ್ಲಿ ಮುಳುಗಿಹೋಗುತ್ತವೆ. ಅದಕ್ಕಾಗಿ ಮುದ್ರಿಸುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಹೆಚ್ಚಿಸುತ್ತಾರೆ. ತೀರ ಕೆಳಗಿನ ದನಿ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿದರೆ, ತೀರ ಮೇಲಿನದು ಸುಮಾರು ಹತ್ತು ಪಟ್ಟು ಏರುತ್ತದೆ. ನುಡಿಸುವಾಗ ಇದನ್ನು ಸರಿಯಾಗಿ ತಿರುವುಮುರುವು ಮಾಡಬೇಕು. ಆಗ ಮಂದ್ರ ಮರಳಿ ಬರುತ್ತದೆ. ತಾರದೊಡನೆ ಸುಂಯ್ ಸದ್ದೂ ತಗ್ಗುತ್ತದೆ. ಮೊದಲು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕವಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವು ಒಂದೇ ಲೆಕ್ಕವನ್ನು ಗೊತ್ತುಮಾಡಿತು. ಅದರ ಹೆಸರಿನ ಮೊದಲಕ್ಷರಗಳಿಂದ ಬಂದ ‘ಆರ್‌ಐಎಎ’ ಎಂಬ ಗುರುತು ಇಂದಿನ ಪೆಟ್ಟಿಗೆಗಳ ಮೇಲೂ ಇರುತ್ತದೆ.

ಹಳೆಯ ಕಾಲದ ಆಂಪ್ಲಿಫಯರುಗಳ ಒಡಲಲ್ಲಿಯೇ ಈ ವ್ಯವಸ್ಥೆಯಿರುತ್ತಿತ್ತು. ಅವುಗಳ ಬೆನ್ನಿಗೆ ‘ಫೋನೋ’ ಎಂಬ ಪ್ರತ್ಯೇಕ ತೂತುಗಳಿದ್ದವು. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕು ಮಾರುಕಟ್ಟೆಗೆ ಬಂದಿತು. ಮುಂದಿನ ವರ್ಷಗಳಲ್ಲಿ ತಯಾರಕರು ಆ ತೂತುಗಳನ್ನು ಖರ್ಚಿನ ಬಾಬೆಂದು ಕೈಬಿಡುತ್ತ ಬಂದರು. ಗಂಟಲು ಹೋದುದು ಹೀಗೆ.

ಹೋದ ಗಂಟಲನ್ನು ಮರಳಿ ಪಡೆಯಲು ಎಷ್ಟು ಹಣ ಬೇಕು? ಲಕ್ಷ ರೂಪಾಯಿಯ ಪೂರ್ವವರ್ಧಕಗಳೂ ಉಂಟು. ಕೆಲವೇ ಸಾವಿರದವೂ ಉಂಟು. ಮಧ್ಯಮವರ್ಗದ ಸಂಸಾರಕ್ಕೆ ಎರಡನೆಯದೇ ಸಾಕು. ಏಕೆಂದರೆ ಪೆಟ್ಟಿಗೆಯ ಕೆಲಸ ಗೊತ್ತಾದ ಲೆಕ್ಕದ ಕೆಲಸ. 1970ರ ದಶಕದ ಕೊನೆಯಲ್ಲಿ ಸಿಗ್ನೆಟಿಕ್ಸ್ ಕಂಪನಿಯು ತಂದ ‘ಎನ್‌ಇ 5532’ ಎಂಬ ಬೆರಳುಗುರಿನಷ್ಟು ಚಿಪ್ಪು, ಒಂದಿಷ್ಟು ರೆಸಿಸ್ಟರು, ಕೆಪಾಸಿಟರು, ಇಷ್ಟರಿಂದಲೇ ಆ ಲೆಕ್ಕ ಅಚ್ಚುಕಟ್ಟಾಗಿ ಮುಗಿಯುತ್ತದೆ. ಬೆಸುಗೆಯ ಕೈ ಪಳಗಿದ ರೇಡಿಯೋ ರಿಪೇರಿಯವನು ಇದನ್ನು ಮನೆಯಲ್ಲಿಯೇ ಜೋಡಿಸಬಲ್ಲ. ಉಳಿದ ಹಣವನ್ನು ಒಳ್ಳೆಯ ಮುಳ್ಳಿಗೆ ವೆಚ್ಚಮಾಡುವುದು ಜಾಣತನ. ಸವೆದ ಮುಳ್ಳು ತಟ್ಟೆಯನ್ನೇ ಕೆರೆದು ತಿನ್ನುತ್ತದೆ; ಅಗ್ಗದ ಪೂರ್ವವರ್ಧಕವು ತಟ್ಟೆಗೆ ಯಾವ ಕೇಡನ್ನೂ ಮಾಡದು.

ಕೊಳ್ಳುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸಬೇಕು. ಒಂದು, ತಿರುಗುಯಂತ್ರದೊಳಗೇ ಪೂರ್ವವರ್ಧಕ ಅಡಗಿದೆಯೇ ಎಂಬುದು. ಇದ್ದರೆ ಹಿಂಬದಿಯಲ್ಲಿ ‘ಫೋನೋ’, ‘ಲೈನ್’ ಎಂಬ ಗುಂಡಿಯಿರುವುದು ವಾಡಿಕೆ. ಆಗ ‘ಲೈನ್’ ಕಡೆಗೆ ತಿರುಗಿಸಿದರೆ ಹಣವೆಲ್ಲ ಉಳಿತಾಯ. ಎರಡೂ ಒಟ್ಟಿಗೆ ಕೆಲಸ ಮಾಡಿದರೆ ದನಿ ಗುಡುಗಿನಂತೆ ಒಡೆಯುತ್ತದೆ. ಎರಡು, ಮುಳ್ಳು ಕೂರುವ ಕಾರ್ಟ್ರಿಜ್ ಯಾವ ಜಾತಿಯದು ಎಂಬುದು. ಸೂಟ್‌ಕೇಸಿನಾಕಾರದ ಅಗ್ಗದ ಯಂತ್ರಗಳಲ್ಲಿ ಸಾಮಾನ್ಯವಾಗಿ ಸಿರಾಮಿಕ್ ಜಾತಿಯದಿರುತ್ತದೆ. ಅದು ತಾನಾಗಿಯೇ ನೂರಾರು ಮಿಲಿವೋಲ್ಟು ಕೊಡುವುದರಿಂದ ಈ ಪೆಟ್ಟಿಗೆ ಬೇಡ. ಮೂರು, ಅಯಸ್ಕಾಂತದ ಕಾರ್ಟ್ರಿಜ್ಜಿಗೆ ಹೊಂದುವಂತೆ ಪೆಟ್ಟಿಗೆಯ ಮೇಲೆ ‘47 ಕಿಲೋ ಓಮ್’ ಎಂಬ ಗುರುತಿದೆಯೇ ಎಂಬುದು.

ಜೋಡಿಸಿದ ಮೇಲೆ ‘ಹುಂ’ ಎಂಬ ಎಡೆಬಿಡದ ಗುನುಗು ಕೇಳಬಂದರೆ ಗಾಬರಿ ಬೇಡ. ತಿರುಗುಯಂತ್ರದಿಂದ ಹೊರಟ ತೆಳ್ಳನೆಯ ಒಂಟಿ ತಂತಿಯನ್ನು ಪೆಟ್ಟಿಗೆಯ ಭೂಸಂಪರ್ಕದ ತಿರುಪಿಗೆ ಬಿಗಿದರೆ ಬಹುಮಟ್ಟಿಗೆ ಅದು ಅಡಗುತ್ತದೆ. ಖಾನಾಪುರದ ಮಣ್ಣು ಮಡಕೆಗೂ ಹಂಚಿಗೂ ಹೆಸರಾದುದು. ಸಂಗೀತಕ್ಕೂ ಮಣ್ಣಿನ ಆಸರೆ ಬೇಕೆಂಬುದು ಇಲ್ಲಿ ತಿಳಿಯುತ್ತದೆ. ಪೆಟ್ಟಿಗೆಯನ್ನು ಟ್ರಾನ್ಸ್‌ಫಾರ್ಮರುಗಳಿಂದ ದೂರವಿಟ್ಟು, ತಂತಿಗಳನ್ನು ಗಿಡ್ಡದಾಗಿಟ್ಟರೆ ಇನ್ನೂ ಲೇಸು.

ಅಜ್ಜನ ಟ್ರಂಕಿನಲ್ಲಿ ದೊರೆಯುವ ತಟ್ಟೆಗಳು ಮುಖ್ಯವಾಗಿ ಎರಡು ಬಗೆ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿಯು ಹೊರತಂದ ಮಾದರಿಯ, ಬಳುಕುವ ವಿನೈಲಿನ ಎಲ್‌ಪಿಗಳು ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು ಸುತ್ತು ತಿರುಗುವಂಥವು. ಅದಕ್ಕೂ ಹಿಂದಿನ 78 ಸುತ್ತಿನವು ಭಾರವಾದ, ಬಿದ್ದರೆ ಒಡೆಯುವ ಅರಗಿನ ತಟ್ಟೆಗಳು. ಪಾಂಡವರ ಅರಗಿನ ಮನೆ ಉರಿದುಹೋಯಿತು. ನಮ್ಮ ಹಿರಿಯರ ಅರಗಿನ ತಟ್ಟೆ ಇನ್ನೂ ಉಳಿದಿದೆ. ಆದರೆ ಅದರ ಗೆರೆ ಅಗಲವಾದುದು. ಎಲ್‌ಪಿಗೆ ಅಂಗುಲದ ಸಾವಿರದಲ್ಲಿ 0.7 ಪಾಲಿನ ಮುಳ್ಳು ಸಾಕಾದರೆ, ಇದಕ್ಕೆ ಸುಮಾರು 3 ಪಾಲಿನ ಮುಳ್ಳು ಬೇಕು. ಅನೇಕ ಹೊಸ ಯಂತ್ರಗಳಲ್ಲಿ 78ರ ವೇಗವೇ ಇಲ್ಲವೆಂಬುದನ್ನೂ ಮರೆಯಬಾರದು. ಇವುಗಳಲ್ಲಿ ಅನೇಕವು 1954ರ ಲೆಕ್ಕಕ್ಕೆ ಹಿಂದಿನವಾದುದರಿಂದ ಇಂದಿನ ಪೆಟ್ಟಿಗೆಯಲ್ಲಿ ದನಿ ಮಬ್ಬಾಗಿ ಕೇಳಬಹುದು. ಆಂಪ್ಲಿಫಯರಿನ ‘ಟ್ರೆಬಲ್’ ಗುಂಡಿಯನ್ನು ತುಸು ಏರಿಸಿದರೆ ಗಾಯಕರ ಉಚ್ಚಾರ ತಿಳಿಯಾಗುತ್ತದೆ.

ಕಡೆಯದಾಗಿ ಮಳೆಗಾಲದ ಮಾತು. ಸಹ್ಯಾದ್ರಿಯ ಸೆರಗಿನ ಖಾನಾಪುರದಲ್ಲಿ ಶ್ರಾವಣ ಕಳೆಯುವಷ್ಟರಲ್ಲಿ ಟ್ರಂಕಿನೊಳಗೂ ಬೂಷ್ಟು ಹಿಡಿಯುತ್ತದೆ. ಬೂಷ್ಟು ಕಂಡೊಡನೆ ತಟ್ಟೆ ಹಾಳಾಯಿತೆಂದು ತಿಳಿಯಬೇಕಿಲ್ಲ. ಭಟ್ಟಿಯಿಳಿಸಿದ ನೀರಿಗೆ ಒಂದು ಹನಿ ಸೌಮ್ಯ ಸಾಬೂನು ಬೆರೆಸಿ, ಮೆತ್ತನೆಯ ಬಟ್ಟೆಯಿಂದ ಗೆರೆಯ ಜಾಡಿನಲ್ಲಿಯೇ ಒರೆಸಿ, ನಡುವಣ ಕಾಗದ ನೆನೆಯದಂತೆ ನೋಡಿಕೊಂಡು, ಬರಿಯ ನೀರಿನಿಂದ ಮತ್ತೊಮ್ಮೆ ಒರೆಸಿ ನೆರಳಿನಲ್ಲಿ ಆರಿಸಬೇಕು. ಅರಗಿನ ತಟ್ಟೆಗೆ ಸ್ಪಿರಿಟ್ಟನ್ನು ಎಂದಿಗೂ ಮುಟ್ಟಿಸಬಾರದು; ಅರಗು ಅದರಲ್ಲಿ ಕರಗುತ್ತದೆ. ಆಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಹೇರದೆ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು.

ತಟ್ಟೆಯನ್ನು ರದ್ದಿಗೆ ಹಾಕುವ ಹಕ್ಕು ಮನೆಯವರಿಗೆ ಇದ್ದೇ ಇದೆ. ಆದರೆ ಅದನ್ನೊಮ್ಮೆ ಸರಿಯಾಗಿ ಕೇಳಿದ ಮೇಲೆ ಆ ತೀರ್ಮಾನವಾಗಲಿ. ಗಂಟಲು ಕಟ್ಟಿದವನನ್ನು ಮೂಕನೆಂದು ಹೊರಹಾಕುವುದು ನ್ಯಾಯವಲ್ಲ.